ಹೊಸ ಕ್ಯಾಮರಾ, ಹಳೆಯ ತಂತ್ರಾಂಶ: ತೆರೆಯದ ಚಿತ್ರಗಳನ್ನು ತೆರೆಯುವ ಬಗೆ

ಮುಂಬಯಿ, ಪುಣೆಗಳ ಹೋಟೆಲುಗಳಲ್ಲಿಯೂ ಕಚೇರಿಗಳಲ್ಲಿಯೂ ದುಡಿಯುತ್ತಿರುವ ನಮ್ಮ ತರುಣರಲ್ಲಿ ಛಾಯಾಗ್ರಹಣದ ಅಭಿರುಚಿಯು ಬೆಳೆಯುತ್ತಿರುವುದನ್ನು ನಾವು ಸಂತೋಷದಿಂದ ಗಮನಿಸುತ್ತ ಬಂದಿದ್ದೇವೆ. ಮಧ್ಯಾಹ್ನದ ಊಟದ ಗದ್ದಲ ಮುಗಿದು ಸಂಜೆಯ ಕಾಫಿಯ ಗಿರಾಕಿಗಳು ಬರುವುದಕ್ಕೆ ಮುಂಚಿನ ಬಿಡುವಿನಲ್ಲಿ ಕ್ಯಾಮರಾ ಹಿಡಿದು ಸಮುದ್ರದ ದಂಡೆಗೆ ಹೋಗುವವರಿದ್ದಾರೆ. ರಜೆಯಲ್ಲಿ ಊರಿಗೆ ಹೋದಾಗ ಆಟ, ಕೋಲ, ತೇರುಗಳ ಚಿತ್ರ ತೆಗೆಯುವವರಿದ್ದಾರೆ. ಮದುವೆ, ಉಪನಯನ, ಶನಿಪೂಜೆಗಳಲ್ಲಿ ಚಿತ್ರ ತೆಗೆದು ಸಂಬಳದ ಜೊತೆಗೆ ನಾಲ್ಕು ಕಾಸು ಸಂಪಾದಿಸುವವರೂ ಇದ್ದಾರೆ. ಈ ಪತ್ರಿಕೆಯಲ್ಲಿ ಪ್ರಕಟವಾಗುವ ಸಮಾರಂಭಗಳ ಚಿತ್ರಗಳಲ್ಲಿ ಹೆಚ್ಚಿನವು ಇಂಥವರ ಕೈಯಿಂದಲೇ ಬಂದಂಥವು.

ಈ ಮಿತ್ರರಿಂದ ನಮ್ಮ ಕಚೇರಿಗೆ ಮೇಲಿಂದ ಮೇಲೆ ಬರುತ್ತಿರುವ ಪ್ರಶ್ನೆಯೊಂದಿದೆ. ವರ್ಷಗಟ್ಟಲೆ ಕೂಡಿಸಿದ ಹಣದಿಂದ ಹೊಸ ಕ್ಯಾಮರಾ ಕೊಂಡದ್ದಾಯಿತು. ಖೋಲಿಯಲ್ಲಿ ಹತ್ತಕ್ಕೂ ಮಿಕ್ಕಿದ ವರ್ಷಗಳ ಹಳೆಯ ಕಂಪ್ಯೂಟರಿದೆ. ಅದರಲ್ಲಿ ಆಗಿನ ಕಾಲಕ್ಕೆ ಪೂರ್ತಿ ಬೆಲೆ ತೆತ್ತು ಕೊಂಡ ಫೋಟೋಶಾಪ್ ಇಲ್ಲವೆ ಲೈಟ್‌ರೂಮ್ ಇದೆ. ಹಳೆಯ ಕ್ಯಾಮರಾದ ಚಿತ್ರಗಳನ್ನು ಅದು ತಕರಾರಿಲ್ಲದೆ ತೆರೆಯುತ್ತಿತ್ತು. ಹೊಸ ಕ್ಯಾಮರಾದ 'ರಾ' ಕಡತವನ್ನು ಮುಂದಿಟ್ಟರೆ ಮಾತ್ರ, ಈ ಬಗೆಯ ಕಡತವನ್ನು ತಾನು ಗುರುತಿಸಲಾರೆ ಎಂಬ ಅರ್ಥದ ಒಂದು ಸಾಲನ್ನು ತೋರಿಸಿ ಸುಮ್ಮನಾಗುತ್ತದೆ. ಅಂಗಡಿಯವರನ್ನು ಕೇಳಿದರೆ ಉತ್ತರ ಸಿದ್ಧವಾಗಿಯೇ ಇರುತ್ತದೆ: ತಂತ್ರಾಂಶ ಹಳೆಯದಾಯಿತು, ಹೊಸದನ್ನು ತಿಂಗಳ ಬಾಡಿಗೆಗೆ ತೆಗೆದುಕೊಳ್ಳಬೇಕು, ಆ ಹೊಸದು ಈ ಹಳೆಯ ಯಂತ್ರದಲ್ಲಿ ಓಡದು, ಆದುದರಿಂದ ಯಂತ್ರವನ್ನೂ ಹೊಸದಾಗಿಯೇ ಕೊಳ್ಳಬೇಕು. ಕ್ಯಾಮರಾದ ಸಾಲವೇ ತೀರಿರದವನಿಗೆ ಈ ಮಾತು ಹೇಗೆ ಕೇಳಿಸೀತೆಂಬುದನ್ನು ವಿವರಿಸಬೇಕಾಗಿಲ್ಲ.

ಅಂಗಡಿಯವರ ಉತ್ತರವು ಸುಳ್ಳೆಂದು ನಾವು ಹೇಳುವುದಿಲ್ಲ. ಅದು ಅರ್ಧ ಮಾತ್ರ ನಿಜ. ಮಿಕ್ಕ ಅರ್ಧವೇನೆಂದರೆ, ಬಹುಮಟ್ಟಿಗೆ ಯಾವ ಹೊಸ ಕ್ಯಾಮರಾದ ಕಡತವನ್ನಾದರೂ ಹಳೆಯ ತಂತ್ರಾಂಶವು ಓದಬಲ್ಲ ರೂಪಕ್ಕೆ ತಿರುಗಿಸುವ ಉಪಾಯವು 2004ರಿಂದಲೂ ಇದ್ದೇ ಇದೆ, ಮತ್ತು ಅದಕ್ಕೆ ಒಂದು ಕಾಸೂ ಕೊಡಬೇಕಾಗಿಲ್ಲ. ಆ ಉಪಾಯವನ್ನು ತಿಳಿಸುವುದೇ ಈ ಲೇಖನದ ಉದ್ದೇಶ. ಆದರೆ ಉಪಾಯಕ್ಕೆ ಮೊದಲು ಕಾರಣವನ್ನು ತಿಳಿಯುವುದು ಒಳ್ಳೆಯದು. ಕಾರಣ ತಿಳಿದವನನ್ನು ಯಾವ ಅಂಗಡಿಯಲ್ಲಿಯೂ ಸುಲಭವಾಗಿ ಹೆದರಿಸಲಾಗದು.

'ರಾ' ಎಂದರೆ ಹಸಿಯಾದದ್ದು, ಬೇಯಿಸದೆ ಇರುವುದು ಎಂದರ್ಥ. ಹೋಟೆಲಿನ ಕೆಲಸ ಬಲ್ಲ ವಾಚಕರಿಗೆ ಇದನ್ನು ಹಿಟ್ಟು ಮತ್ತು ದೋಸೆಯ ಲೆಕ್ಕದಲ್ಲಿ ಹೇಳಿದರೆ ಕೂಡಲೇ ತಿಳಿದೀತು. ಕ್ಯಾಮರಾದೊಳಗಿನ ಬೆಳಕು ಗ್ರಹಿಸುವ ಫಲಕ, ಅಂದರೆ ಸೆನ್ಸರ್, ಕೊಡುವ ಅಂಕಿಗಳನ್ನು ಇದ್ದಂತೆಯೇ ಬರೆದಿಟ್ಟರೆ ಅದು ರಾ ಕಡತ: ರುಬ್ಬಿಟ್ಟ ಹಿಟ್ಟು. ಅದೇ ಅಂಕಿಗಳನ್ನು ಕ್ಯಾಮರಾವೇ ಒಳಗೆ ಸಂಸ್ಕರಿಸಿ, ಬಣ್ಣ ಕೂಡಿಸಿ, ಅನಾವಶ್ಯಕವೆಂದು ತನಗೆ ತೋರಿದುದನ್ನು ಬಿಸುಟು ಕೊಟ್ಟರೆ ಅದು ಜೆಪಿಇಜಿ: ಕಾವಲಿಯಿಂದ ಇಳಿದ ದೋಸೆ. ದೋಸೆಯನ್ನು ಕೂಡಲೇ ತಿನ್ನಬಹುದು, ಹಂಚಬಹುದು. ಆದರೆ ಉಪ್ಪು ಹೆಚ್ಚಾಯಿತೆಂದು ಅದನ್ನು ಮರಳಿ ಹಿಟ್ಟು ಮಾಡಲಾಗದು. ಹಿಟ್ಟು ಕೈಯಲ್ಲಿದ್ದರೆ ಹದ ತಿದ್ದಲು ಅವಕಾಶವುಂಟು.

ಅಂಕಿಗಳಲ್ಲಿ ಹೇಳುವುದಾದರೆ, ಜೆಪಿಇಜಿಯು ಒಂದೊಂದು ಬಣ್ಣಕ್ಕೆ 256 ಮೆಟ್ಟಲುಗಳನ್ನು ಮಾತ್ರ ಇಟ್ಟುಕೊಳ್ಳುತ್ತದೆ. 14 ಬಿಟ್ಟಿನ ರಾ ಕಡತವು ಕತ್ತಲಿನಿಂದ ಬೆಳಕಿನವರೆಗೆ 16,384 ಮೆಟ್ಟಲುಗಳನ್ನು ಇಟ್ಟುಕೊಳ್ಳಬಲ್ಲುದು. ಯಕ್ಷಗಾನದ ರಂಗಸ್ಥಳವನ್ನೇ ನೆನೆಯಿರಿ. ಒಂದೆಡೆ ಕಣ್ಣು ಕುಕ್ಕುವ ದೀಪ, ಇನ್ನೊಂದೆಡೆ ಕಪ್ಪು ಆಕಾಶ. ನಡುವೆ ಕೆಂಪು, ಹಸುರು, ಚಿನ್ನದ ವೇಷ. ದೀಪದ ಹಳದಿಯು ಮುಖವರ್ಣಿಕೆಯನ್ನೆಲ್ಲ ಕೆಡಿಸಿದ್ದರೂ, ರಾ ಕಡತವಿದ್ದರೆ ಬಿಳಿಯನ್ನು ಬಿಳಿಯಾಗಿಸುವ ತಿದ್ದುಪಡಿಯನ್ನು ಮನೆಗೆ ಬಂದ ಮೇಲೆ ಯಾವ ನಷ್ಟವೂ ಇಲ್ಲದೆ ಮಾಡಬಹುದು. ಜೆಪಿಇಜಿಯಲ್ಲಿ ಅದೇ ತಿದ್ದುಪಡಿಯು ಬೇಗನೆ ಎಳೆದಾಡಿದಂತೆ ಕಾಣುತ್ತದೆ.

ಈ ಹಸಿ ಅಂಕಿಗಳು ತಾವಾಗಿ ಚಿತ್ರವಲ್ಲವೆಂಬುದೇ ತೊಡಕಿನ ಮೂಲ. ಸೆನ್ಸರಿನ ಒಂದೊಂದು ಬಿಂದುವೂ ಒಂದೇ ಬಣ್ಣವನ್ನು ಕಾಣುತ್ತದೆ. ಈಸ್ಟ್‌ಮನ್ ಕೊಡಕ್ ಸಂಸ್ಥೆಯಲ್ಲಿದ್ದ ಬ್ರೈಸ್ ಬೇಯರ್ ಎಂಬವರು ರೂಪಿಸಿ 1976ರಲ್ಲಿ ಪೇಟೆಂಟು ಪಡೆದ ಏರ್ಪಾಡಿನಂತೆ, ಬಿಂದುಗಳಲ್ಲಿ ಅರ್ಧದ ಮೇಲೆ ಹಸುರು ಗಾಜು, ಕಾಲು ಭಾಗದ ಮೇಲೆ ಕೆಂಪು, ಇನ್ನು ಕಾಲು ಭಾಗದ ಮೇಲೆ ನೀಲಿ ಇರುತ್ತದೆ. ಇಂದಿಗೂ ಹೆಚ್ಚಿನ ಕ್ಯಾಮರಾಗಳ ಸೆನ್ಸರು ಇದೇ ಮಾದರಿಯದು. ಉಳಿದೆರಡು ಬಣ್ಣಗಳನ್ನು ನೆರೆಯ ಬಿಂದುಗಳಿಂದ ಲೆಕ್ಕಹಾಕಿ ತುಂಬಿಸುವುದು ತಂತ್ರಾಂಶದ ಕೆಲಸ. ಅದಕ್ಕೆ ಆಯಾ ಕ್ಯಾಮರಾದ ಗುಟ್ಟುಗಳು ತಿಳಿದಿರಬೇಕು. ಬಣ್ಣದ ಗಾಜುಗಳು ಯಾವ ಕ್ರಮದಲ್ಲಿವೆ, ಯಾವ ಅಂಕಿಗೆ ಪೂರ್ತಿ ಕಪ್ಪೆನ್ನಬೇಕು, ಯಾವ ಅಂಕಿಗೆ ಬೆಳಕು ತುಂಬಿ ಚೆಲ್ಲಿತೆನ್ನಬೇಕು, ಈ ಸೆನ್ಸರಿನ ಕೆಂಪು ನಿಜವಾದ ಕೆಂಪಿಗೆ ಎಷ್ಟು ಹತ್ತಿರ, ಇವೆಲ್ಲ ಮಾದರಿಯಿಂದ ಮಾದರಿಗೆ ಬದಲಾಗುತ್ತವೆ.

ತಂತ್ರಾಂಶ ತಯಾರಿಸುವವರು ತಮಗೆ ಗೊತ್ತಿರುವ ಕ್ಯಾಮರಾಗಳ ಪಟ್ಟಿಯನ್ನೂ ಅವುಗಳ ಗುಟ್ಟುಗಳನ್ನೂ ಒಳಗೆ ಬರೆದಿಟ್ಟಿರುತ್ತಾರೆ. ಕಡತವು ಮುಂದೆ ಬಂದಾಗ ತಂತ್ರಾಂಶವು ಅದರಲ್ಲಿ ಬರೆದಿರುವ ಕ್ಯಾಮರಾದ ಹೆಸರನ್ನು ಓದಿ, ಪಟ್ಟಿಯಲ್ಲಿ ಹುಡುಕುತ್ತದೆ. ಹೆಸರು ಸಿಗದಿದ್ದರೆ ಬಾಗಿಲು ತೆರೆಯುವುದಿಲ್ಲ. ಕಡತ ಕೆಟ್ಟಿರುವುದಿಲ್ಲ, ಕ್ಯಾಮರಾದಲ್ಲಿ ದೋಷವಿರುವುದಿಲ್ಲ, ಕಂಪ್ಯೂಟರೂ ಸರಿಯಾಗಿಯೇ ಇರುತ್ತದೆ. ಪಟ್ಟಿ ಬರೆದವನು ಲೇಖನಿ ಕೆಳಗಿಟ್ಟ ಮೇಲೆ ಹುಟ್ಟಿದ ಕ್ಯಾಮರಾ ಅದು, ಅಷ್ಟೇ.

ನಮ್ಮವರಲ್ಲಿ ಬಹಳ ಮಂದಿಯ ಬಳಿ ಇರುವ ಜೋಡಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಫೋಟೋಶಾಪ್ ಸಿಎಸ್6 ಎಂಬುದು ಅಡೋಬಿ ಸಂಸ್ಥೆಯಿಂದ 2012ರಲ್ಲಿ ಹೊರಬಂತು. ಒಮ್ಮೆ ಹಣ ಕೊಟ್ಟು ಶಾಶ್ವತವಾಗಿ ತನ್ನದಾಗಿಸಿಕೊಳ್ಳಬಹುದಾಗಿದ್ದ ಫೋಟೋಶಾಪುಗಳ ಸಾಲಿನಲ್ಲಿ ಅದೇ ಕೊನೆಯದು. 2013ರಲ್ಲಿ ಸಂಸ್ಥೆಯು ಚಂದಾ ಪದ್ಧತಿಗೆ ತಿರುಗಿತು. ಫೋಟೋಶಾಪಿನಲ್ಲಿ ರಾ ಕಡತ ತೆರೆಯುವ ಭಾಗಕ್ಕೆ ಕ್ಯಾಮರಾ ರಾ ಎಂದು ಹೆಸರು. ಸಿಎಸ್6 ಕೊಂಡವರಿಗೆ ಆ ಭಾಗದ 9.1.1ನೆಯ ಆವೃತ್ತಿಯವರೆಗೆ, ಅಂದರೆ 2015ರವರೆಗೆ, ಹೊಸ ಕ್ಯಾಮರಾಗಳ ಹೆಸರು ಸೇರುತ್ತಿದ್ದವು. ಅಲ್ಲಿಗೆ ನಿಂತಿತು. ಲೈಟ್‌ರೂಮ್ 6ರದೂ ಇದೇ ಕಥೆ. ಅದು 2015ರಲ್ಲಿ ಬಂತು; 2017ರ ಡಿಸೆಂಬರಿನಲ್ಲಿ ಬಂದ 6.14ನೆಯ ಆವೃತ್ತಿಯೊಂದಿಗೆ ಅದರ ಪಟ್ಟಿ ಮುಚ್ಚಿತು. ಇನ್ನು ಕೆನಾನ್ 1500ಡಿ ಕ್ಯಾಮರಾ ಬಂದದ್ದು 2018ರಲ್ಲಿ. ಹೀಗಿರುವಾಗ ಸಿಎಸ್6 ಅದನ್ನು ಹೇಗೆ ಗುರುತಿಸೀತು?

ಇದಕ್ಕಿಂತ ಗಟ್ಟಿಯಾದ ಅಡ್ಡಿಯೂ ಒಂದಿದೆ. ಕೆಲವೊಮ್ಮೆ ಕ್ಯಾಮರಾದ ಹೆಸರು ಮಾತ್ರವಲ್ಲ, ಕಡತದ ಕಟ್ಟಡವೇ ಬದಲಾಗುತ್ತದೆ. ಕೆನಾನ್ ಸಂಸ್ಥೆಯು ಬಹುಕಾಲ ಬಳಸುತ್ತಿದ್ದ ಸಿಆರ್2 ಎಂಬ ಬಗೆಯನ್ನು ಬಿಟ್ಟು, 2018ರಲ್ಲಿ ಎಂ50 ಕ್ಯಾಮರಾದ ಜೊತೆಗೆ ಸಿಆರ್3 ಎಂಬ ಬೇರೆಯೇ ಬಗೆಯನ್ನು ತಂದಿತು. ನಿಕಾನ್ ಸಂಸ್ಥೆಯದು ಎನ್‌ಇಎಫ್, ಸೋನಿಯದು ಎಆರ್‌ಡಬ್ಲ್ಯು, ಫ್ಯೂಜಿಯದು ಆರ್‌ಎಎಫ್. ಒಂದೊಂದು ಮನೆಗೂ ಒಂದೊಂದು ಬೀಗ, ಬೀಗದ ಕೈಯ ಅಳತೆಯನ್ನು ಯಾರಿಗೂ ಬಹಿರಂಗವಾಗಿ ತಿಳಿಸುವ ವಾಡಿಕೆಯಿಲ್ಲ.

ಇಲ್ಲಿ ನಮ್ಮ ಅಭಿಪ್ರಾಯವನ್ನು ಸ್ಪಷ್ಟವಾಗಿಯೇ ಹೇಳಿಬಿಡುತ್ತೇವೆ. ನಾವೂ ಬಹುಕಾಲ ಹೋಟೆಲಿನ ಗಲ್ಲಾದಲ್ಲಿ ಕುಳಿತವರು. ಮಾಡಿದ ಕೆಲಸಕ್ಕೆ ಬೆಲೆ ಕೇಳುವುದನ್ನು ನಾವು ಆಕ್ಷೇಪಿಸುವುದಿಲ್ಲ. ವರ್ಷ ವರ್ಷ ಹೊಸ ಕ್ಯಾಮರಾಗಳನ್ನು ಪರೀಕ್ಷಿಸಿ ಪಟ್ಟಿಗೆ ಸೇರಿಸುವುದಕ್ಕೆ ತಂತ್ರಾಂಶದವರು ಹಣ ಕೇಳುವುದು ವ್ಯಾಪಾರದ ನ್ಯಾಯವೇ. ಆದರೆ ಕ್ಯಾಮರಾ ತಯಾರಿಸುವವರು ತಮ್ಮ ಕಡತದ ವಿವರವನ್ನು ಮುಚ್ಚಿಡುವುದಕ್ಕೆ ಯಾವ ನ್ಯಾಯವಿದೆಯೆಂದು ನಮಗೆ ತಿಳಿಯದು. ಚಿತ್ರ ತೆಗೆದವನು ನಮ್ಮ ಹುಡುಗ, ಕ್ಯಾಮರಾಕ್ಕೆ ಹಣ ತೆತ್ತವನೂ ಅವನೇ. ಚಿತ್ರವನ್ನು ಹೇಗೆ ಓದಬೇಕೆಂಬುದು ಮಾತ್ರ ಮಾರಿದವರ ಗುಟ್ಟು!

2005ರಲ್ಲಿ ಈ ವಿಷಯವು ಜಗತ್ತಿನ ಛಾಯಾಗ್ರಾಹಕರಲ್ಲಿ ದೊಡ್ಡ ಗದ್ದಲಕ್ಕೆ ಕಾರಣವಾಗಿತ್ತು. ನಿಕಾನ್ ಸಂಸ್ಥೆಯು ತನ್ನ ಡಿ2ಎಕ್ಸ್ ಕ್ಯಾಮರಾದ ಕಡತದಲ್ಲಿ ಬಿಳಿಬಣ್ಣದ ಸಮತೋಲಕ್ಕೆ ಸಂಬಂಧಿಸಿದ ಅಂಕಿಗಳನ್ನು ಗೂಢಲಿಪಿಯಲ್ಲಿ ಬರೆಯತೊಡಗಿತೆಂದು ಥಾಮಸ್ ನೋಲ್ ಎಂಬವರು ಬಹಿರಂಗವಾಗಿ ದೂರಿದರು. ಇವರು ಸಾಮಾನ್ಯರಲ್ಲ. ತಮ್ಮ ಸಹೋದರ ಜಾನ್ ನೋಲ್ ಅವರೊಡನೆ ಫೋಟೋಶಾಪನ್ನು ಸೃಷ್ಟಿಸಿದವರು. 2003ರಲ್ಲಿ ಬಂದ ಕ್ಯಾಮರಾ ರಾ ಕೂಡ ಮೂಲತಃ ಇವರ ಕೆಲಸವೇ. ಗೂಢಲಿಪಿಯನ್ನು ಒಡೆಯುವುದು ಅಸಾಧ್ಯವಾಗಿರಲಿಲ್ಲ. ಒಡೆದರೆ ಅಮೆರಿಕದ ಕಾನೂನಿನಲ್ಲಿ ಸಿಕ್ಕಿಬಿದ್ದೇವೋ ಎಂಬ ಶಂಕೆಯೇ ಅವರನ್ನು ತಡೆದದ್ದು.

ಇದೇ ಹೊತ್ತಿನಲ್ಲಿ ಇನ್ನೊಬ್ಬರ ಹೆಸರನ್ನೂ ನೆನೆಯಬೇಕು. ಡೇವ್ ಕಾಫಿನ್ ಎಂಬ ಅಮೆರಿಕದ ಗೃಹಸ್ಥರು 1997ರಲ್ಲಿ ಡಿಸಿರಾ ಎಂಬ ಸಣ್ಣ ತಂತ್ರಾಂಶವನ್ನು ಬರೆಯಲಾರಂಭಿಸಿದರು. ತಯಾರಕರು ವಿವರ ಕೊಡದಿದ್ದರೂ, ಕಡತಗಳನ್ನು ಒಂದೊಂದಾಗಿ ಬಿಡಿಸಿ ನೋಡಿ, ನೂರಾರು ಕ್ಯಾಮರಾಗಳ ಗುಟ್ಟನ್ನು ಕಂಡುಹಿಡಿದು, ಎಲ್ಲವನ್ನೂ ಲೋಕಕ್ಕೆ ಬಿಟ್ಟಿಯಾಗಿ ಹಂಚಿದರು. ಅದರ ಕೊನೆಯ ಆವೃತ್ತಿ ಬಂದದ್ದು 2018ರಲ್ಲಿ. ಅವರ ಕೆಲಸವನ್ನು ಆಧಾರವಾಗಿಟ್ಟುಕೊಂಡು ಬೆಳೆದ ಲಿಬ್‌ರಾ ಎಂಬುದು ಇಂದು ಅನೇಕ ತಂತ್ರಾಂಶಗಳ ಒಳಗೆ ಕುಳಿತು ದುಡಿಯುತ್ತಿದೆ. ಸಂಬಳವಿಲ್ಲದೆ ಇಷ್ಟು ವರ್ಷ ಇಂಥ ಕೆಲಸ ಮಾಡಿದವರನ್ನು ನಾವು ಯಾವ ದೊಡ್ಡ ವರ್ತಕರಿಗಿಂತಲೂ ಹೆಚ್ಚಾಗಿ ಗೌರವಿಸುತ್ತೇವೆ.

ಈಗ ಉಪಾಯಕ್ಕೆ ಬರೋಣ. 2004ರ ಸೆಪ್ಟೆಂಬರಿನಲ್ಲಿ ಅಡೋಬಿ ಸಂಸ್ಥೆಯು ಡಿಎನ್‌ಜಿ ಎಂಬ ಹೊಸ ಬಗೆಯ ರಾ ಕಡತವನ್ನು ಪ್ರಕಟಿಸಿತು. ಇದರ ರಚನೆಯ ವಿವರವು ಗುಟ್ಟಲ್ಲ, ಬೇಕಾದವರೆಲ್ಲರೂ ಓದಬಹುದು. ಅದಕ್ಕಿಂತ ಮುಖ್ಯವಾದ ಗುಣವೆಂದರೆ, ಕ್ಯಾಮರಾದ ಬಗ್ಗೆ ತಂತ್ರಾಂಶಕ್ಕೆ ತಿಳಿದಿರಬೇಕಾದ ಗುಟ್ಟುಗಳು ಡಿಎನ್‌ಜಿ ಕಡತದ ಒಳಗೇ ಬರೆದಿರುತ್ತವೆ. ಪಟ್ಟಿಯಲ್ಲಿ ಹೆಸರು ಹುಡುಕುವ ಪ್ರಮೇಯವೇ ಇಲ್ಲ. ಊರಿಗೆ ಹೊಸಬನಾದವನು ಪರಿಚಯಪತ್ರವನ್ನು ಜೇಬಿನಲ್ಲಿಟ್ಟುಕೊಂಡೇ ಕೆಲಸ ಕೇಳಲು ಬಂದಂತೆ. ಬೇರೆ ಬಗೆಯ ರಾ ಕಡತಗಳನ್ನು ಡಿಎನ್‌ಜಿಗೆ ತಿರುಗಿಸುವ ಪರಿವರ್ತಕವನ್ನು, ಅಂದರೆ ಡಿಎನ್‌ಜಿ ಕನ್ವರ್ಟರನ್ನು, ಅಡೋಬಿಯವರೇ ಉಚಿತವಾಗಿ ಕೊಡುತ್ತಾರೆ. ಚಂದಾ ಬೇಕಿಲ್ಲ. ಹೊಸ ಕ್ಯಾಮರಾಗಳು ಬಂದಂತೆ ಅದಕ್ಕೂ ಹೊಸ ಆವೃತ್ತಿಗಳು ಬರುತ್ತವೆ. ಚಂದಾ ಪದ್ಧತಿಯ ಬಗೆಗೆ ನಮಗೆ ಅಷ್ಟಾಗಿ ಪ್ರೀತಿಯಿಲ್ಲವಾದರೂ, ಈ ಒಂದು ಉಪಕಾರಕ್ಕೆ ಆ ಸಂಸ್ಥೆಯನ್ನು ಮೆಚ್ಚಲೇಬೇಕು.

ಕಳೆದ ಮಳೆಗಾಲದಲ್ಲಿ ಹೋಟೆಲೊಂದರ ಗಲ್ಲಾದಲ್ಲಿ ಕೂರುವ ತರುಣರೊಬ್ಬರು ನಮ್ಮಲ್ಲಿಗೆ ಬಂದಿದ್ದರು. ಊರಿನಲ್ಲಿ ಅಜ್ಜಿಗೆ ತೊಂಬತ್ತು ತುಂಬಿದ ಸಂದರ್ಭದಲ್ಲಿ ಹೊಸ ಕ್ಯಾಮರಾದಿಂದ ನಾನೂರರಷ್ಟು ಚಿತ್ರ ತೆಗೆದಿದ್ದರು, ಎಲ್ಲವೂ ರಾ ರೂಪದಲ್ಲಿಯೇ. ಮುಂಬಯಿಗೆ ಬಂದು ನೋಡಿದರೆ ಕಂಪ್ಯೂಟರಿನಲ್ಲಿ ಒಂದೂ ತೆರೆಯಲಿಲ್ಲ. ಹೊಸ ಯಂತ್ರಕ್ಕೆ ಹಣ ಕೂಡಿಬಂದಾಗ ನೋಡಿದರಾಯಿತೆಂದು ಹಾಗೆಯೇ ಇಟ್ಟರು. ನಾಲ್ಕು ತಿಂಗಳ ಮೇಲೆ ಅಜ್ಜಿ ತೀರಿಕೊಂಡರು. ಉತ್ತರಕ್ರಿಯೆಗೆ ಗೋಡೆಯ ಮೇಲಿಡಲು ಒಂದು ಒಳ್ಳೆಯ ಚಿತ್ರ ಬೇಕೆಂದು ಊರಿನಿಂದ ತಂದೆಯವರು ಫೋನು ಮಾಡಿದಾಗ ಅವರಿಗೆ ಕೈಕಾಲು ಆಡಲಿಲ್ಲ. ನಮ್ಮ ಕಚೇರಿಯ ಹುಡುಗರು ಆ ಕಡತಗಳನ್ನು ಪರಿವರ್ತಕಕ್ಕೆ ಒಪ್ಪಿಸಿ ಚಹಾ ಕುಡಿದು ಬರುವಷ್ಟರಲ್ಲಿ ನಾನೂರೂ ಸಿದ್ಧವಾಗಿದ್ದವು. ವೀಳ್ಯದೆಲೆಗೆ ಸುಣ್ಣ ಹಚ್ಚುತ್ತ ಯಾರನ್ನೋ ನೋಡಿ ನಗುತ್ತಿದ್ದ ಅಜ್ಜಿಯ ಚಿತ್ರವೊಂದನ್ನು ಅವರು ಆರಿಸಿಕೊಂಡರು.

ಮಾಡಬೇಕಾದ ಕೆಲಸ ಇಷ್ಟು. ಪರಿವರ್ತಕವನ್ನು ಅಡೋಬಿಯವರ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿರಿ. ಬೇರೆ ಕಡೆ ಸಿಗುವುದರೊಳಗೆ ಏನೇನು ಸೇರಿರುತ್ತದೋ ಹೇಳಲಾಗದು. ಮೆಮರಿ ಕಾರ್ಡಿನಲ್ಲಿರುವ ರಾ ಕಡತಗಳನ್ನು ಮೊದಲು ಕಂಪ್ಯೂಟರಿನ ಒಂದು ಫೋಲ್ಡರಿಗೆ ನಕಲು ಮಾಡಿರಿ. ಪರಿವರ್ತಕವನ್ನು ತೆರೆದು ಆ ಫೋಲ್ಡರನ್ನು ತೋರಿಸಿರಿ. ಇಲ್ಲಿಯೇ ಅನೇಕರು ಎಡವುತ್ತಾರೆ. ಆ ಪರಿವರ್ತಕವು ಕೇಳುವುದು ಫೋಲ್ಡರನ್ನು, ಬಿಡಿ ಕಡತವನ್ನಲ್ಲ. ಆದುದರಿಂದ ಫೋಲ್ಡರಿನ ಒಳಹೊಕ್ಕು ನೋಡಿದರೆ ಅದು ಬರಿದಾಗಿ ಕಾಣುತ್ತದೆ, ಚಿತ್ರಗಳೆಲ್ಲ ಹೋದವೆಂದು ಗಾಬರಿಯಾಗುತ್ತದೆ. ಗಾಬರಿ ಬೇಡ. ಹೊರಗಿನಿಂದಲೇ ಫೋಲ್ಡರನ್ನು ಆರಿಸಿದರೆ ಸಾಕು. ಅನಂತರ, ಹೊಸ ಕಡತಗಳನ್ನು ಎಲ್ಲಿ ಇಡಬೇಕೆಂಬುದಕ್ಕೆ ಬೇರೊಂದು ಫೋಲ್ಡರನ್ನು ತೋರಿಸಿರಿ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ. ಪರಿವರ್ತಕದ ಕೆಳಭಾಗದಲ್ಲಿ ಪ್ರಿಫರೆನ್ಸಸ್ ಎಂಬ ಗುಂಡಿಯಿದೆ. ಅದನ್ನು ಒತ್ತಿದರೆ, ಕ್ಯಾಮರಾ ರಾ ಭಾಗದ ಯಾವ ಆವೃತ್ತಿಗೆ ಹೊಂದುವಂತೆ ಡಿಎನ್‌ಜಿಯನ್ನು ಬರೆಯಬೇಕೆಂಬ ಪಟ್ಟಿ ಕಾಣುತ್ತದೆ. ಇದನ್ನು ಹಾಗೆಯೇ ಬಿಟ್ಟರೆ ಇತ್ತೀಚಿನ ಆವೃತ್ತಿಗೆ ಹೊಂದುವ ಡಿಎನ್‌ಜಿ ಬಂದು, ನಿಮ್ಮ ಹಳೆಯ ತಂತ್ರಾಂಶವು ಅದನ್ನೂ ತಿರಸ್ಕರಿಸಬಹುದು. ಪರಿವರ್ತಕವೂ ಕೆಲಸಕ್ಕೆ ಬಾರದೆಂದು ನಿರಾಶರಾಗುವವರು ಸಾಮಾನ್ಯವಾಗಿ ಈ ಗುಂಡಿಯನ್ನು ಒತ್ತದವರೇ. ಸಿಎಸ್6 ಇದ್ದವರು 7.1 ಎಂಬುದನ್ನು ಆರಿಸಬೇಕು. ಸಿಎಸ್5 ಇದ್ದವರಿಗೆ 6.6, ಸಿಎಸ್4 ಇದ್ದವರಿಗೆ 5.4, ಸಿಎಸ್3 ಇದ್ದವರಿಗೆ 4.6 ಹೊಂದುತ್ತದೆ. ಇನ್ನೂ ಹಳೆಯದಾದ ಸಿಎಸ್2 ಇದ್ದವರು 2.4 ಅನ್ನು ಆರಿಸಲಿ. ನಿಮ್ಮ ತಂತ್ರಾಂಶದ ಕ್ಯಾಮರಾ ರಾ ಭಾಗವು ಆ ಸಾಲಿನ ಕೊನೆಯ ಆವೃತ್ತಿಗೆ ಏರಿರಬೇಕು ಎಂಬುದನ್ನು ಮಾತ್ರ ಮರೆಯಬಾರದು.

ಪರಿವರ್ತಕದ ಹೊಸ ಆವೃತ್ತಿಗಳು ವಿಂಡೋಸ್ 7ರಂತಹ ಹಳೆಯ ಯಂತ್ರಗಳಲ್ಲಿ ಕೂರುವುದಿಲ್ಲ ಎಂಬುದು ಕೆಲವರಿಗೆ ಎದುರಾಗುವ ತೊಂದರೆ. ಇದಕ್ಕೂ ಪರಿಹಾರವಿದೆ. ಹೊಸ ಕಂಪ್ಯೂಟರು ಇರುವ ಸ್ನೇಹಿತರಲ್ಲಿ ಪರಿವರ್ತನೆ ಮಾಡಿಸಿ, ಡಿಎನ್‌ಜಿ ಕಡತಗಳನ್ನು ಪೆನ್ ಡ್ರೈವಿನಲ್ಲಿ ತಂದರೆ ತೀರಿತು. ತಿದ್ದುವ ಕೆಲಸವೆಲ್ಲ ನಿಮ್ಮ ಹಳೆಯ ಯಂತ್ರದಲ್ಲಿಯೇ ನಡೆಯುತ್ತದೆ.

ಡಿಎನ್‌ಜಿ ಬಂತೆಂದು ಮೂಲ ಕಡತಗಳನ್ನು ಅಳಿಸಬಾರದು. ಡಿಸ್ಕಿನಲ್ಲಿ ಜಾಗವಿಲ್ಲವೆಂದು ಹಾಗೆ ಮಾಡುವವರನ್ನು ನಾವು ಕಂಡಿದ್ದೇವೆ. ಕೆನಾನ್, ನಿಕಾನ್ ಸಂಸ್ಥೆಗಳ ಸ್ವಂತ ತಂತ್ರಾಂಶಗಳು ಹೀಗೆ ತಿರುಗಿಸಿದ ಡಿಎನ್‌ಜಿಯನ್ನು ತೆರೆಯುವುದಿಲ್ಲ. ಡಿಎನ್‌ಜಿಯನ್ನು ಮರಳಿ ಮೂಲ ರೂಪಕ್ಕೆ ತರುವುದೂ, ಮೂಲವನ್ನು ಅದರೊಳಗೇ ಅಡಗಿಸಿಡದಿದ್ದರೆ, ಸಾಧ್ಯವಾಗದು.

ಆ ಸ್ವಂತ ತಂತ್ರಾಂಶಗಳೇ ಎರಡನೆಯ ದಾರಿ. ಕ್ಯಾಮರಾ ಕೊಂಡವರಿಗೆ ಕೆನಾನಿನವರು ಡಿಜಿಟಲ್ ಫೋಟೋ ಪ್ರೊಫೆಷನಲ್ ಎಂಬುದನ್ನೂ, ನಿಕಾನಿನವರು 2021ರಲ್ಲಿ ತಂದ ಎನ್‌ಎಕ್ಸ್ ಸ್ಟುಡಿಯೋ ಎಂಬುದನ್ನೂ ಉಚಿತವಾಗಿ ಕೊಡುತ್ತಾರೆ. ಅಂಗಡಿಯವರು ಇದನ್ನು ಹೇಳುವುದು ಕಡಿಮೆ. ಬಣ್ಣದ ಮಟ್ಟಿಗೆ ಇವುಗಳಷ್ಟು ನಂಬಿಕೆಗೆ ಅರ್ಹವಾದುವು ಬೇರೆ ಇಲ್ಲ, ಏಕೆಂದರೆ ಗುಟ್ಟು ಬಲ್ಲವರು ಅವರೇ. ಇವುಗಳಲ್ಲಿ ರಾ ಕಡತವನ್ನು ತೆರೆದು, 16 ಬಿಟ್ಟಿನ ಟಿಫ್ ಆಗಿ ಹೊರತೆಗೆದರೆ, ಅದನ್ನು ಹಳೆಯ ಫೋಟೋಶಾಪು ಸಂತೋಷದಿಂದ ತೆರೆಯುತ್ತದೆ. ಕಷ್ಟವಿರುವುದು ಗಾತ್ರದಲ್ಲಿ. 2 ಕೋಟಿ 40 ಲಕ್ಷ ಬಿಂದುಗಳ ಒಂದು ಚಿತ್ರಕ್ಕೆ, ಬಿಂದುವಿಗೆ ಮೂರು ಬಣ್ಣ, ಬಣ್ಣಕ್ಕೆ ಎರಡು ಬೈಟು ಎಂದು ಗುಮಾಸ್ತರು ಯಾರಾದರೂ ಗುಣಿಸಿ ನೋಡಲಿ: 144 ಮೆಗಾಬೈಟು. ಅದೇ ಚಿತ್ರದ 14 ಬಿಟ್ಟಿನ ರಾ ಕಡತವು ಒತ್ತಿ ಕಿರಿದಾಗಿಸದಿದ್ದರೂ ಇದಕ್ಕಿಂತ ಬಹಳ ಚಿಕ್ಕದು. ಹತ್ತು ಚಿತ್ರಕ್ಕಾದರೆ ಈ ದಾರಿ ಸರಿ, ಮದುವೆಯ ಸಾವಿರ ಚಿತ್ರಕ್ಕಲ್ಲ.

ಫ್ಯೂಜಿಯವರ ಎಕ್ಸ್ ರಾ ಸ್ಟುಡಿಯೋ ಇನ್ನೂ ವಿನೋದದ ಏರ್ಪಾಡು. ಅದರಲ್ಲಿ ಕ್ಯಾಮರಾವನ್ನು ತಂತಿಯಿಂದ ಕಂಪ್ಯೂಟರಿಗೆ ಜೋಡಿಸಿದರೆ, ಚಿತ್ರವನ್ನು ಬೇಯಿಸುವ ಕೆಲಸವನ್ನು ಕ್ಯಾಮರಾವೇ ಮಾಡಿಕೊಡುತ್ತದೆ. ಶಕ್ತಿಗುಂದಿದ ಯಂತ್ರವಿದ್ದವರಿಗೆ ಇದು ಅನುಕೂಲ, ಆದರೆ ಆ ಸಂಸ್ಥೆಯ ಕ್ಯಾಮರಾಗಳಲ್ಲಿಯೂ ಎಲ್ಲಕ್ಕೂ ಇದು ಅನ್ವಯಿಸುವುದಿಲ್ಲ.

ರಾಥೆರಪಿ ಮತ್ತು ಡಾರ್ಕ್‌ಟೇಬಲ್ ಎಂಬ ಎರಡು ತಂತ್ರಾಂಶಗಳ ವಿಚಾರವನ್ನೂ ಹೇಳಬೇಕು. ಇವೆರಡೂ ಸಾರ್ವಜನಿಕರ ಸೊತ್ತು. ಬೆಲೆಯಿಲ್ಲ, ಚಂದಾ ಇಲ್ಲ, ಹೊಸ ಕ್ಯಾಮರಾಗಳ ಹೆಸರು ಸೇರುತ್ತಲೇ ಇರುತ್ತದೆ. ನಮ್ಮ ಪೇಟೆಗಳಲ್ಲಿ ಕದ್ದು ನಕಲು ಮಾಡಿದ ಫೋಟೋಶಾಪುಗಳು ಯಥೇಚ್ಛವಾಗಿ ಸಿಗುತ್ತವೆಂಬುದು ಎಲ್ಲರಿಗೂ ಗೊತ್ತು. ನ್ಯಾಯದ ಮಾತು ಹಾಗಿರಲಿ, ಅವುಗಳೊಡನೆ ಯಂತ್ರವನ್ನು ಹೊಗುವ ರೋಗಗಳಿಂದ ಇದ್ದಬದ್ದ ಚಿತ್ರಗಳನ್ನೂ ಕಳೆದುಕೊಳ್ಳುವುದಕ್ಕಿಂತ, ನಾಲ್ಕು ರಾತ್ರಿ ಕುಳಿತು ರಾಥೆರಪಿಯನ್ನು ಕಲಿಯುವುದು ಲೇಸು. ಡಾರ್ಕ್‌ಟೇಬಲ್ ಹಳೆಯ ಯಂತ್ರದಲ್ಲಿ ತುಸು ನಿಧಾನ.

ಕಡತದಲ್ಲಿರುವ ಕ್ಯಾಮರಾದ ಹೆಸರನ್ನೇ ತಿದ್ದಿ, ಹಳೆಯ ಮಾದರಿಯೊಂದರ ಹೆಸರು ಬರೆದು, ತಂತ್ರಾಂಶವನ್ನು ನಂಬಿಸುವ ಕೈಚಳಕವೊಂದು ಹುಡುಗರಲ್ಲಿ ಪ್ರಚಾರದಲ್ಲಿದೆ. ಎಕ್ಸಿಫ್‌ಟೂಲ್ ಎಂಬ ಸಾಧನದಿಂದ ಇದನ್ನು ಮಾಡುತ್ತಾರೆ. ಎರಡು ಮಾದರಿಗಳ ಒಳಗು ಒಂದೇ ತೆರನಾಗಿದ್ದರೆ ಇದು ನಡೆಯುವುದೂ ಉಂಟು. ಆದರೆ ಬೇರೊಬ್ಬರ ಹೆಸರಿನ ಟಿಕೇಟಿನಲ್ಲಿ ರೈಲು ಹತ್ತಿದಂತೆ, ಎಲ್ಲಿ ಇಳಿಸುತ್ತಾರೋ ಹೇಳಲಾಗದು. ಕಪ್ಪಿನ ಅಂಕಿ ಬೇರೆಯಾಗಿದ್ದರೆ ನೆರಳಿನ ಭಾಗವೆಲ್ಲ ನೇರಳೆಯಾಗಿಯೋ ಹಸುರಾಗಿಯೋ ಕಂಡೀತು. ಸಿಆರ್3ರಂತೆ ಕಡತದ ಕಟ್ಟಡವೇ ಬದಲಾಗಿದ್ದರೆ ಈ ಚಳಕ ನಡೆಯುವುದೇ ಇಲ್ಲ. ಮಾಡಲೇಬೇಕೆನ್ನುವವರು ನಕಲು ಪ್ರತಿಯ ಮೇಲೆ ಮಾತ್ರ ಮಾಡಲಿ.

ಇನ್ನು ಕ್ಯಾಮರಾ ಕೊಳ್ಳಲಿರುವವರಿಗೆ ಎರಡು ಮಾತು. ಹಣ ಕೊಡುವ ಮೊದಲು ಅಂಗಡಿಯಲ್ಲಿ ನಿಮ್ಮ ಸ್ವಂತ ಮೆಮರಿ ಕಾರ್ಡು ಹಾಕಿ ರಾ ರೂಪದಲ್ಲಿ ಒಂದು ಚಿತ್ರ ತೆಗೆದು ತನ್ನಿರಿ. ಮನೆಯಲ್ಲಿ ಪರಿವರ್ತಿಸಿ, ತೆರೆದು ನೋಡಿದ ಮೇಲೆ ವ್ಯಾಪಾರ ಮುಗಿಸಿರಿ. ಒಪ್ಪದ ಅಂಗಡಿಯಾದರೆ ಪಕ್ಕದ ಅಂಗಡಿಯಿದೆ. ಕೊಂಡ ಮೇಲೆ, ಮೊದಲ ಕೆಲವು ತಿಂಗಳು ರಾ ಮತ್ತು ಜೆಪಿಇಜಿ ಎರಡನ್ನೂ ಒಟ್ಟಿಗೆ ಬರೆಯುವಂತೆ ಕ್ಯಾಮರಾವನ್ನು ಹೊಂದಿಸಿರಿ. ಹಾಗಿದ್ದರೆ ಅಜ್ಜಿಯ ಚಿತ್ರಕ್ಕಾಗಿ ಅಂದು ಯಾರೂ ಪೇಚಾಡಬೇಕಾಗಿರಲಿಲ್ಲ.

ನಿಕಾನಿನ ಇತ್ತೀಚಿನ ಕೆಲವು ದುಬಾರಿ ಮಾದರಿಗಳಲ್ಲಿ, 2021ರಲ್ಲಿ ಬಂದ ಝಡ್9ರಿಂದ ಮೊದಲುಗೊಂಡು, ಹೈ ಎಫಿಷಿಯೆನ್ಸಿ ಎಂಬ ಬಹಳ ಕಿರಿದಾದ ರಾ ಇದೆ. ಜಾಗ ಉಳಿಯುತ್ತದೆ, ನಿಜ. ಆದರೆ ಆ ಒತ್ತುವಿಕೆಯ ವಿಧಾನವು ಬೇರೊಂದು ಸಂಸ್ಥೆಯ ಹಕ್ಕಿನದಾದ್ದರಿಂದ ಉಚಿತ ತಂತ್ರಾಂಶಗಳಿಗೆ ಅದು ಕಬ್ಬಿಣದ ಕಡಲೆಯಾಯಿತು. ಅಂಥ ಕ್ಯಾಮರಾ ಇದ್ದವರು ಅದರ ಬದಲು ಲಾಸ್‌ಲೆಸ್ ಎಂಬುದನ್ನು ಆರಿಸಿದರೆ ತೊಂದರೆ ಕಡಿಮೆ. ಲೈಕಾ, ಪೆಂಟಾಕ್ಸ್, ರಿಕೋ ಮುಂತಾದ ಹೆಸರಿನ ಅನೇಕ ಕ್ಯಾಮರಾಗಳು ನೇರವಾಗಿ ಡಿಎನ್‌ಜಿಯನ್ನೇ ಬರೆಯುತ್ತವೆ. 2014ರ ಬಳಿಕ ಆಂಡ್ರಾಯ್ಡ್ ಫೋನುಗಳಲ್ಲಿಯೂ, 2016ರಿಂದ ಐಫೋನುಗಳಲ್ಲಿಯೂ ಡಿಎನ್‌ಜಿಗೆ ಎಡೆಯಿದೆ. ಸಣ್ಣ ಫೋನಿಗೆ ಸಾಧ್ಯವಾದ ಈ ಸೌಜನ್ಯವು ಲಕ್ಷ ರೂಪಾಯಿಯ ಕ್ಯಾಮರಾ ಮಾರುವ ದೊಡ್ಡ ಸಂಸ್ಥೆಗಳಿಗೆ ಏಕೆ ಸಾಧ್ಯವಾಗಬಾರದು?

ಎಲ್ಲ ಕೆಲಸಕ್ಕೂ ರಾ ಬೇಕೆಂದು ಯಾರೂ ತಿಳಿಯಬಾರದು. ಪತ್ರಿಕೆಗೆ ಜೆಪಿಇಜಿ ಧಾರಾಳವಾಗಿ ಸಾಕು. ಸಮಾರಂಭದ ಚಿತ್ರ ಕಳುಹಿಸುವ ಮಿತ್ರರು ವಾಟ್ಸಾಪಿನಲ್ಲಿ ಸಾಮಾನ್ಯ ಚಿತ್ರವಾಗಿ ಕಳುಹಿಸಿದರೆ ಅದು ದಾರಿಯಲ್ಲಿಯೇ ಸೊರಗಿಬಿಡುತ್ತದೆ. ಡಾಕ್ಯುಮೆಂಟ್ ಎಂದು ಆರಿಸಿ ಕಳುಹಿಸಿದರೆ ಇದ್ದಂತೆಯೇ ತಲುಪುತ್ತದೆ.

ಪರಿವರ್ತಕವು ನಮ್ಮ ಕಚೇರಿಯ ಒಂದು ಕಂಪ್ಯೂಟರಿನಲ್ಲಿ ಸದಾ ಸಿದ್ಧವಾಗಿದೆ. ಭಾನುವಾರ ಮಧ್ಯಾಹ್ನ ಮೂರರಿಂದ ಐದರವರೆಗೆ, ಹೋಟೆಲಿನವರಿಗೆ ಬಿಡುವಿರುವ ಹೊತ್ತಿನಲ್ಲಿ, ಯಾರು ಬೇಕಾದರೂ ಬಂದು ಉಪಯೋಗಿಸಿಕೊಳ್ಳಬಹುದು. ಮೆಮರಿ ಕಾರ್ಡು ಮತ್ತು ಸಾಕಷ್ಟು ಜಾಗವಿರುವ ಪೆನ್ ಡ್ರೈವನ್ನು ಜೊತೆಗೆ ತರಬೇಕು. ಮನೆಯ ತಂತ್ರಾಂಶದ ಆವೃತ್ತಿಯನ್ನು ಒಂದು ಚೀಟಿಯಲ್ಲಿ ಬರೆದು ತಂದರೆ ನಮ್ಮ ಹುಡುಗರಿಗೆ ಅನುಕೂಲವಾಗುತ್ತದೆ.